ಹಸಿರು ಚಿಂದಿಯ ಕ್ಯಾನು

ಝಮ್‌ಝಮ್ ನೀರಿನ ಕ್ಯಾನು ಸೋರುತ್ತಿದೆ ಎಂಬುದು ನಮಗೆ ಗೊತ್ತಾದದ್ದು ಮಳಗಿಗೆ ಹೊರಡುವ ಹಿಂದಿನ ದಿನ ಸಂಜೆ. ದಾದಿ ಅಲಮಾರಿಯ ಕೆಳಗಿನ ಖಾನೆಗೆ ಕೈ ಹಾಕಿ, ಮಡಿಸಿಟ್ಟಿದ್ದ ಬಿಳಿ ಬಟ್ಟೆ ತಣ್ಣಗಾಗಿರುವುದನ್ನು ಮುಟ್ಟಿ ನೋಡಿ, "ನೀಲೂ, ಬಾ ಇಲ್ಲೆ. ಇದರಾಗ ಯಾರೋ ಅಳಾಕತ್ತಾರ" ಎಂದಳು.

ನಮ್ಮ ದಾದಿ, ಅಂದರೆ ಅಬ್ಬಾನ ತಾಯಿ ಬದರುನ್ನಿಸಾ, ಮಾತಾಡುವುದೇ ಹಾಗೆ. ತಾಯಿ ಇಲ್ಲದ ನನ್ನನ್ನೂ ಅಕ್ಕ ಮೆಹರೀನಳನ್ನೂ ಅವಳು ಕಥೆಗಳಲ್ಲಿ ಅದ್ದಿ ಅದ್ದಿ ಬೆಳೆಸಿದವಳು. ಅಕ್ಕ ಬೇಗ ಒಣಗಿದಳು, ನೀನು ಮಾತ್ರ ಇನ್ನೂ ಒದ್ದೆಯಾಗಿಯೇ ಇದ್ದೀ ಎಂದು ಅಬ್ಬಾ ನನ್ನನ್ನು ಚೇಷ್ಟೆ ಮಾಡುತ್ತಾರೆ.

ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದೆ. ಹಿಡಿಕೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಕೆಲವು ವರ್ಷಗಳ ಹಿಂದೆ ದಾದಿಯ ತಮ್ಮ ಹಜ್ ಯಾತ್ರೆಗೆ ಹೋದಾಗ ಮಕ್ಕಾದಿಂದ ತಂದುಕೊಟ್ಟ ಪವಿತ್ರ ಬಾವಿಯ ನೀರು ಅದು. ಅರ್ಧ ಕ್ಯಾನು ಉಳಿದಿತ್ತು. ಪ್ಲಾಸ್ಟಿಕ್ಕು ಹಳದಿಗಟ್ಟಿ, ಒತ್ತಿದರೆ ಕಟಕಟ ಎನ್ನುತ್ತಿತ್ತು. ಅದನ್ನೇ ಬಸ್ಸಿನಲ್ಲಿ ಒಯ್ದರೆ ಹಳಿಯಾಳ ಮುಟ್ಟುವುದರೊಳಗೆ ಅರ್ಧ ನೀರು ದಾದಿಯ ಸೀರೆಯಲ್ಲಿರುತ್ತಿತ್ತು.

ಆ ನೀರು ಬೇಕೇ ಬೇಕಿತ್ತು. ಮಳಗಿಯಲ್ಲಿ ಅಕ್ಕನ ಗಂಡನ ಮನೆ. ಅವಳಿಗೆ ಹೆಣ್ಣು ಹುಟ್ಟಿ ವಾರವಾಗುತ್ತಿತ್ತು. ಮರುದಿನ ಅಖೀಖಾ, ಕೂಸಿನ ಕೂದಲು ತೆಗೆದು ಹೆಸರಿಡುವ ದಿನ. ನಮ್ಮ ಮನೆತನದಲ್ಲಿ ಹುಟ್ಟಿದ ಪ್ರತಿಯೊಂದು ಕೂಸಿನ ತುಟಿಗೂ ಆ ದಿನ ದಾದಿ ಖರ್ಜೂರದ ರಸದ ಜೊತೆ ಈ ನೀರಿನ ಒಂದು ಹನಿ ಮುಟ್ಟಿಸುತ್ತಾಳೆ. ಅಕ್ಕನ ಕಡೆಯಿಂದ ಹೋಗುವ ಹಿರಿಯಳೆಂದರೆ ಅವಳೊಬ್ಬಳೇ. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದನ್ನು ಅವಳಿಂದ ಕಲ್ಪಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಹಾಗಾಗಿ ಆ ಸಂಜೆ ದಾಂಡೇಲಿಯ ಅಂಬೇವಾಡಿಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಪಾತ್ರೆಗಳ ಸ್ವಯಂವರ ನಡೆಯಿತು. ಸ್ಟೀಲಿನ ಥರ್ಮಾಸ್ ತಂದೆ. ದಾದಿ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ, "ಚಹಾದ ಕರಿ ಹತ್ತೇತಿ" ಎಂದು ಬದಿಗಿಟ್ಟಳು. ತಾಮ್ರದ ತಂಬಿಗೆಗೆ ಮುಚ್ಚಳವಿರಲಿಲ್ಲ. ತಂಪು ಪಾನೀಯದ ಬಾಟಲಿ ತೀರ ತೆಳುವಾಗಿತ್ತು, ಬಸ್ಸಿನ ಕಿಟಕಿಯ ಬಿಸಿಲಿಗೆ ಸೊರಗುತ್ತದೆ ಎಂದಳು. ಅಷ್ಟರಲ್ಲಿ ಪಕ್ಕದ ಮನೆಯ ಸಕ್ಕುಬಾಯಿ ನೀಲಿ ಕ್ಯಾನೊಂದನ್ನು ಎದೆಗವಚಿಕೊಂಡು ಬಂದಳು. ಅವಳ ಗಂಡ ದುರ್ಗಪ್ಪ ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಧಾರವಾಡದ ಕಡೆಯಿಂದ ಬಂದವರು, ನಮಗೆ ಬಂಧುಗಳಿಗಿಂತ ಹತ್ತಿರ.

"ತೊಗೊಳ್ರಿ ಬದರಮ್ಮ. ಕಲ್ಲಿಗೆ ಒಗದ್ರೂ ಒಡಿಯೂದಿಲ್ಲ ಇದು. ಹಳಿಯಾಳ ಸಂತ್ಯಾಗ ತಂದೇನಿ."

"ಇದರಾಗ ಮೊದಲ ಏನಿತ್ತ ಸಕ್ಕೂ?"

"ಯಾರಿಗ್ಗೊತ್ರಿ? ಮಾರಾಂವ ಹೇಳಲಿಲ್ಲ, ನಾ ಕೇಳಲಿಲ್ಲ."

"ಹಂಗಿದ್ರ ಬ್ಯಾಡ."

"ಅಯ್ಯ, ನಾಕ್ ಸಲ ತಿಕ್ಕೇನ್ರಿ. ನೀವು ಕ್ಯಾನಿಗೂ ಕುಲಾ ಗೋತ್ರಾ ಕೇಳೋರು!"

ಸಕ್ಕುಬಾಯಿ ನಕ್ಕಳು, ದಾದಿ ನಗಲಿಲ್ಲ. ಅವಳಿಗೆ ಒಬ್ಬ ನೀರು ಹೊರುವವನ ಕಥೆ ಗೊತ್ತಿತ್ತು. ಕಾಳಿ ನದಿಯ ದಂಡೆಯಲ್ಲಿ ಅವನಿಗೆ ಒಂದು ಚೆಂದದ ಬಿಂದಿಗೆ ಸಿಕ್ಕುತ್ತದೆ. ಅದರಲ್ಲಿ ನೀರು ತುಂಬಿ ಊರಿಗೆಲ್ಲ ಕುಡಿಸುತ್ತಾನೆ. ಕುಡಿದವರೆಲ್ಲ ಮರುದಿನದಿಂದ ಯಾರದೋ ಗಂಟಲಲ್ಲಿ ಮಾತಾಡತೊಡಗುತ್ತಾರೆ, ಯಾರದೋ ಹೆಂಡತಿಯನ್ನು ನೆನೆದು ಅಳುತ್ತಾರೆ. ಬಿಂದಿಗೆಯೊಳಗೆ ಮೊದಲಿನಿಂದ ಒಬ್ಬ ಮಲಗಿದ್ದ, ಇವನು ಕೇಳದೆಯೇ ತುಂಬಿಬಿಟ್ಟಿದ್ದ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದ ಮೇಲೆ ನಾನು ಬಹಳ ದಿನ ಉಪ್ಪಿನ ಡಬ್ಬಿಯನ್ನೂ ತಟ್ಟಿಯೇ ತೆರೆಯುತ್ತಿದ್ದೆ.

ಅಬ್ಬಾ ಊಟಕ್ಕೆ ಕೂತಾಗ ಎಲ್ಲ ಕೇಳಿ, "ಅಂಗಡಿಯೊಳಗ ಹೊಸಾ ಕ್ಯಾನ್ ಸಿಗ್ತಾವ, ಒಂದ ಕೊಂಡ ಹೋಗ್ರಿ. ಇಷ್ಟಕ್ಕ ಇಷ್ಟ ಗದ್ದಲ ಯಾಕ?" ಎಂದರು. ಆದರೆ ನಮ್ಮ ಬಸ್ಸು ಅಂಗಡಿಗಳು ತೆರೆಯುವುದಕ್ಕಿಂತ ಮುಂಚೆಯೇ ಇತ್ತು. ಅದು ಯಾರ ತಲೆಗೂ ಹೊಳೆಯಲಿಲ್ಲ. ಅಬ್ಬಾನ ಹೆಸರು ಸರ್ದಾರ, ಮನೆಯ ಮುಂದೆಯೇ ಅವರ ಗ್ಯಾರೇಜು. ಜೋಯಿಡಾ ಕಡೆ ಪ್ರವಾಸಿಗರ ಜೀಪೊಂದು ಕೆಟ್ಟು ನಿಂತಿದೆ ಎಂದು ಫೋನು ಬಂದದ್ದರಿಂದ ಅವರು ನಸುಕಿನಲ್ಲೇ ಎದ್ದು ಹೋಗಿಬಿಟ್ಟರು.

ನಾನು ಎದ್ದು ಖರ್ಜೂರದ ಪೊಟ್ಟಣ ಹುಡುಕುವಷ್ಟರಲ್ಲಿ ದಾದಿ ತಯಾರಾಗಿ ಕೂತಿದ್ದಳು. ಅವಳ ಮಡಿಲಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ, ತೊಟ್ಟಿಲ ಕೂಸಿನಂಥ ಒಂದು ಗಂಟು.

"ಯಾವುದಕ್ಕ ಹಾಕಿದಿ ದಾದಿ?"

"ಸಿಕ್ತು. ಭಾಳ ಪಾಕ್ ಕ್ಯಾನು. ಬಿಸಿನೀರು ಹುಣಸಿಹಣ್ಣು ಹಾಕಿ ತೊಳದು, ಬಿಸ್ಮಿಲ್ಲಾ ಅಂದು ಸುರವೇನಿ. ಒಂದು ಹನಿ ಚೆಲ್ಲಿಲ್ಲ. ನಡಿ, ಬಸ್ ಹೋಗ್ತೈತಿ."

ನಾನು ಮತ್ತೆ ಕೇಳಲಿಲ್ಲ. ಪಾಕ್ ಅಂದರೆ ಶುದ್ಧ. ದಾದಿ ಒಂದು ವಸ್ತುವನ್ನು ಶುದ್ಧ ಎಂದರೆ ಅಲ್ಲಿಗೆ ಅದರ ಮಾತು ಮುಗಿದಂತೆ.

ಹಳಿಯಾಳದಲ್ಲಿ ಬಸ್ಸು ಬದಲಿಸಿದೆವು. ಮುಂಡಗೋಡದ ಬಸ್ಸು ಆಗಲೇ ತುಂಬಿತ್ತು. ನಮಗೆ ಹಿಂದಿನ ಸೀಟು ಸಿಕ್ಕಿತು. ನಮ್ಮ ಮುಂದಿನವನು ಹುಲ್ಲು ಕತ್ತರಿಸುವ ಯಂತ್ರವೊಂದಕ್ಕೆ ಗೋಣಿಚೀಲ ಸುತ್ತಿ ಕಾಲುಗಳ ನಡುವೆ ನಿಲ್ಲಿಸಿಕೊಂಡಿದ್ದ. ಟಿಕೆಟ್ಟು ಹರಿಯುತ್ತ ಬಂದ ಕಂಡಕ್ಟರು ನಮ್ಮ ಹತ್ತಿರ ನಿಂತು ಮೂಗು ಮೇಲೆತ್ತಿದ.

"ಯಾರದ್ರೀ ಪೆಟ್ರೋಲು? ಬಸ್ಸಿನ್ಯಾಗ ಪೆಟ್ರೋಲ್ ಒಯ್ಯೂಹಂಗಿಲ್ಲ."

ಯಂತ್ರದವನು ಎರಡೂ ಕೈ ಎತ್ತಿದ. "ನನ್ನ ಟಾಂಕಿ ಬತ್ತಿ ಬಿಟ್ಟೈತ್ರೀ. ತಿರುವಿ ತೋರಸ್ಲೇನು?"

"ಅಜ್ಜಿ, ಆ ಗಂಟಿನ್ಯಾಗ ಏನೈತಿ?"

"ನೀರು."

"ಎಂಥಾ ನೀರು?"

"ನಿನ್ನ ಬಸ್ಸು ದಿನಾ ತೊಳದ್ರೂ ಸಿಗಲಾರ್ದಂಥಾ ನೀರು. ಮಕ್ಕಾದ್ದು. ಮುಟ್ಟಬ್ಯಾಡ."

ಬಸ್ಸಿನ ಅರ್ಧ ಜನ ಹಿಂದೆ ತಿರುಗಿದರು. ಕಂಡಕ್ಟರು ಮಂಡಿಯೂರಿ ಗಂಟಿನ ಹತ್ತಿರ ಮೂಗು ತಂದ, ಆಮೇಲೆ ಯಂತ್ರದ ಹತ್ತಿರ ಒಯ್ದ, ಮತ್ತೆ ಗಂಟಿನ ಹತ್ತಿರ ತಂದ. "ಎರಡೂ ಒಂದ ನಮೂನಿ ಹೊಡಿತಾವಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ಮುಂದೆ ಯಾರೋ ಚಿಲ್ಲರೆಗೆ ಕೂಗಿದರು. ಅವನು ದಾದಿಗೆ ಕೈಮುಗಿದು, "ನೀರ ಆಗಿರ್ಲಿ ಅಜ್ಜಿ, ಯಾರೂ ಬೀಡಿ ಹಚ್ಚಬ್ಯಾಡ್ರಿ ಅಷ್ಟ" ಎಂದು ಹೋಗಿಬಿಟ್ಟ.

ದಾದಿಗೆ ವಾಸನೆ ತಿಳಿಯುವುದಿಲ್ಲ. ಕೊರೊನಾ ಕಾಲದಲ್ಲಿ ಹೋದ ಅವಳ ಮೂಗು ತಿರುಗಿ ಬಂದಿಲ್ಲ. ನನ್ನ ಮೂಗನ್ನು ನಾನೇ ನಂಬುವುದಿಲ್ಲ. ಗ್ಯಾರೇಜಿನ ಮನೆಯಲ್ಲಿ ಹುಟ್ಟಿದವಳು ನಾನು, ಪೆಟ್ರೋಲಿನ ವಾಸನೆ ನನಗೆ ಅಬ್ಬಾನ ವಾಸನೆ. ಹೆದರಿಕೆಯಾದಾಗಲೂ ಬರುತ್ತದೆ, ನಿದ್ದೆ ಬರುವಾಗಲೂ ಬರುತ್ತದೆ. ಆದರೂ ಬಿಳಿ ಬಟ್ಟೆಯ ತುದಿಯನ್ನು ಮೆಲ್ಲಗೆ ಸರಿಸಿ ನೋಡಿದೆ. ದಪ್ಪನೆಯ ಬಿಳಿ ಕ್ಯಾನು. ಹಿಡಿಕೆಗೆ ಹಸಿರು ಚಿಂದಿ ಕಟ್ಟಿತ್ತು.

ಆ ಚಿಂದಿ ನನ್ನದೇ ಹಳೆಯ ಕಾಲೇಜಿನ ದುಪಟ್ಟಾದ್ದು. ಅದನ್ನು ಹರಿದು ಕಟ್ಟಿದವರು ಅಬ್ಬಾ. ಗ್ಯಾರೇಜಿನಲ್ಲಿ ಮೊದಲು ಪೆಟ್ರೋಲ್ ಕ್ಯಾನಿಗೆ ಕೆಂಪು ಚಿಂದಿ ಇರುತ್ತಿತ್ತು. ಕೈ ಒರೆಸುವ ಅರಿವೆಗಳೂ ಕೆಂಪೇ ಆದ್ದರಿಂದ ಯಾರೂ ಅದಕ್ಕೆ ಬೆಲೆ ಕೊಡುತ್ತಿರಲಿಲ್ಲ. ಗಿರಾಕಿಗಳು ಅದರ ಮೇಲೆ ಕಾಲಿಡುವುದು, ಒದ್ದು ಸರಿಸುವುದು, ಪಕ್ಕದಲ್ಲೇ ಬೀಡಿ ಸೇದುವುದು. ಒಂದು ದಿನ ಅಬ್ಬಾಗೆ ಹೊಳೆಯಿತು. ನಮ್ಮ ಓಣಿಯಲ್ಲಿ ಹಸಿರು ಬಟ್ಟೆ ಕಟ್ಟಿದ ವಸ್ತುವನ್ನು ಯಾರೂ ಒದೆಯುವುದಿಲ್ಲ, ದರ್ಗಾದ್ದೇನೋ ಎಂದು ದೂರ ಸರಿದು ನಿಲ್ಲುತ್ತಾರೆ. ಅಂದಿನಿಂದ ಪೆಟ್ರೋಲ್ ಕ್ಯಾನಿಗೆ ಹಸಿರು. ಉಪಾಯ ಫಲಿಸಿತ್ತು. ಎಷ್ಟು ಫಲಿಸಿತ್ತೆಂದರೆ, ಅವರ ಸ್ವಂತ ತಾಯಿಯೂ ಅದನ್ನು ನೋಡಿ ಪಾಕ್ ಎಂದುಕೊಂಡಿದ್ದಳು.

ಅವಸರದಿಂದ ಬಟ್ಟೆ ಮುಚ್ಚಿದೆ. ದಾದಿ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದಳು. ಅವಳಿಗೆ ಈಗಲೇ ಹೇಳಬೇಕೆ? ಹೇಳಿದರೆ ಅವಳು ನಂಬುತ್ತಾಳೆಯೆ? ಒಮ್ಮೆ ಮಿಲ್ಲಿನ ಹೊಗೆಯಲ್ಲಿ ಒಂಟೆ ಕಂಡಿತೆಂದು, ಇನ್ನೊಮ್ಮೆ ಬಾವಿಯೊಳಗಿಂದ ಯಾರೋ ಹೆಸರು ಹಿಡಿದು ಕರೆದರೆಂದು ಮನೆಯನ್ನೆಲ್ಲ ಎಬ್ಬಿಸಿದವಳು ನಾನು. ಈಗ ಪವಿತ್ರ ನೀರಿನಲ್ಲಿ ಪೆಟ್ರೋಲಿದೆ ಎಂದರೆ? ಮೊದಲು ಅಬ್ಬಾನನ್ನು ಕೇಳೋಣ ಎಂದು ಫೋನು ಹಚ್ಚಿದೆ. ಕಾಡಿನೊಳಗೆ ನೆಟ್‌ವರ್ಕು ಬರುತ್ತದೆ, ಹೋಗುತ್ತದೆ. ಬಹಳ ಸಲ ಪ್ರಯತ್ನಿಸಿದ ಮೇಲೆ ಅವರ ದನಿ ಬಂತು.

"ಅಬ್ಬಾ, ಗ್ಯಾರೇಜಿನ ಹಸರ ಚಿಂದಿ ಕ್ಯಾನಿನ್ಯಾಗ ಪೆಟ್ರೋಲ್ ಹಾಕಿದ್ರೇನು?"

"ಯಾವ್ದು? ಹಸರ ಚಿಂದೀವು ಎರಡ ಅದಾವ."

"ಎರಡೂ ಪೆಟ್ರೋಲಿನವ?"

"ಎರಡೂ ಒಂದ ದಿನ ತಂದವು. ಒಂದರಾಗ ಎರಡ ಮೂರ ಸಲ ಪೆಟ್ರೋಲ್ ತಂದೇನಿ. ಇನ್ನೊಂದು ಹೊಸಾದು, ಇನ್ನೂ ಏನೂ ಹಾಕಿಲ್ಲ. ನಿನ್ನೆ ಎರಡೂ ಖಾಲಿ ಇದ್ದು. ಯಾಕ ಬೇಟಿ?"

"ಈಗ ನಿಮ್ಮ ಕಡೆ ಒಂದ ಐತೇನು?"

"ಐತಿ. ನಸಕಿನ್ಯಾಗ ಹೊಂಡುಮುಂದ ಒಂದ ಹಿಡಕೊಂಡ ಬಂದೆ."

"ಅದು ಹಳೇದೋ ಹೊಸಾದೋ?"

"ಕತ್ತಲಿತ್ತು, ಕೈಗೆ ಸಿಕ್ಕಿದ್ದ ತೊಗೊಂಡೆ. ಪಂಪಿನ್ಯಾಗ ತುಂಬಿಸಿದೆ. ಈಗ ಇದರ ತುಂಬ ಪೆಟ್ರೋಲ ಐತಿ, ಮೊದಲ ಇತ್ತೋ ಇಲ್ಲೋ ಹೆಂಗ ಹೇಳಲಿ? ಏನಾತದು?"

ಹೇಳಿದೆ. ಅಬ್ಬಾ ಬೈಯಲಿಲ್ಲ. ಅದರಿಂದ ನನಗೆ ಇನ್ನಷ್ಟು ಹೆದರಿಕೆಯಾಯಿತು.

"ನೋಡು, ತೊಳದ್ರ ಹೋಗೂದಿಲ್ಲ ಅದು. ಪ್ಲಾಸ್ಟಿಕ್ಕು ಪೆಟ್ರೋಲನ್ನ ಕುಡ್ದಿರ್ತೈತಿ, ಆಮ್ಯಾಲ ನೀರಿಗೆ ಬಿಡ್ತೈತಿ. ಹೊಸಾದ ಆಗಿದ್ರ ಏನೂ ಇಲ್ಲ. ಹಳೇದ ಆಗಿದ್ರ, ಕೂಸಿನ ಬಾಯಿಗೆ ಮಾತ್ರ..."

ಫೋನು ಕಡಿದುಹೋಯಿತು. ಮತ್ತೆ ಹತ್ತಲಿಲ್ಲ.

ಆಮೇಲಿನ ದಾರಿಯುದ್ದಕ್ಕೂ ನಾನು ಒಂದೇ ಲೆಕ್ಕವನ್ನು ತಿರುಗಿ ತಿರುಗಿ ಮಾಡಿದೆ. ಅಬ್ಬಾ ಹಳೆಯದನ್ನು ಒಯ್ದಿದ್ದರೆ ಇದು ಹೊಸದು. ಹೊಸದನ್ನು ಒಯ್ದಿದ್ದರೆ ಇದು ಹಳೆಯದು. ಸಾಗವಾನಿ ಮರಗಳು ಒಂದು ಹೌದು, ಒಂದು ಅಲ್ಲ ಎನ್ನುತ್ತ ಹಿಂದೆ ಓಡುತ್ತಿದ್ದವು. ಒಮ್ಮೆ ಬಸ್ಸು ಗುಂಡಿಗೆ ಇಳಿದಾಗ ಕ್ಯಾನಿನೊಳಗಿನ ನೀರು ಗುಳಗುಳ ಎಂದಿತು. ದಾದಿ ಕಣ್ಣು ತೆರೆಯದೆ ಅದರ ಬೆನ್ನು ತಟ್ಟಿದಳು.

ಮುಂಡಗೋಡದಲ್ಲಿ ಇನ್ನೊಂದು ಬಸ್ಸು ಹಿಡಿದು ಮಳಗಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮನೆಯ ಮುಂದೆ ಪೆಂಡಾಲು, ಅಂಗಳದ ತುದಿಯಲ್ಲಿ ಬಿರಿಯಾನಿಯ ಹಂಡೆ. ಭಾವ ತಾರಿಕ ಓಡಿಬಂದು ದಾದಿಯ ಕೈ ಹಿಡಿದು ಕರೆತಂದ. ಅವನ ತಾಯಿ ರೆಹಾನಬಿ ಬಾಗಿಲಲ್ಲೇ ನಿಂತಿದ್ದಳು. ಅವಳ ಹಿಂದೆ ಓಣಿಯ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಾಟಲಿ. ಕೊಬ್ಬರಿ ಎಣ್ಣೆಯದು, ಗುಲಾಬ್ ಜಲದ್ದು, ಸಾಸಿನದು. ಒಬ್ಬಳ ಹತ್ತಿರ ಬಾಟಲಿಯಿರಲಿಲ್ಲ, ಚಟ್ನಿಪುಡಿಯ ಡಬ್ಬಿ ಹಿಡಿದಿದ್ದಳು.

"ಎಲ್ಲಾರಿಗೂ ಹೇಳಿಟ್ಟೇನಿ ಅಮ್ಮಾ" ಎಂದಳು ರೆಹಾನಬಿ ಹಿಗ್ಗಿನಿಂದ. "ದಾಂಡೇಲಿಯಿಂದ ನಮ್ಮ ಬೀಗತಿ ಮಕ್ಕಾದ ನೀರ ತರಾಕತ್ತಾರ, ಒಂದೊಂದ ಗುಟುಕು ಎಲ್ಲಾರಿಗೂ ಅಂತ."

ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ನಾನು ಬಸ್ಸಿನುದ್ದಕ್ಕೂ ಒಂದು ಕೂಸಿನ ತುಟಿಯನ್ನು ಮಾತ್ರ ನೆನೆಯುತ್ತ ಬಂದಿದ್ದೆ. ಇಲ್ಲಿ ನೋಡಿದರೆ ಓಣಿಯೇ ಬಾಯಿ ತೆರೆದುಕೊಂಡು ನಿಂತಿತ್ತು.

ದಾದಿ ಕೈಕಾಲು ತೊಳೆಯಲು ಹೋದಾಗ ಕ್ಯಾನು ನನ್ನ ಕೈಗೆ ಬಂತು. ಕೊಟ್ಟಿಗೆಯ ಹಿಂದೆ ಹೋಗಿ ಮುಚ್ಚಳ ತೆಗೆದೆ. ಮೂಸಿದೆ. ಹುಣಸೆಹಣ್ಣು, ಪ್ಲಾಸ್ಟಿಕ್ಕು, ಆಮೇಲೆ ಅಬ್ಬಾ. ಅಥವಾ ಅಬ್ಬಾನ ನೆನಪು. ಮುಚ್ಚಳದಲ್ಲಿ ಒಂದಿಷ್ಟು ಬಗ್ಗಿಸಿಕೊಂಡು ನಾಲಿಗೆಗೆ ಹಚ್ಚಿದೆ. ಸ್ವಲ್ಪ ಉಪ್ಪುಪ್ಪು, ಸ್ವಲ್ಪ ಕಹಿ. ಆ ಬಾವಿಯ ನೀರೇ ಹಾಗಿರುತ್ತದೆ ಎಂದು ಕೇಳಿದ್ದೆ, ನಾನು ಗಮನವಿಟ್ಟು ಎಂದೂ ಕುಡಿದಿರಲಿಲ್ಲ. ನಾಲಿಗೆ ಉರಿಯುತ್ತಿದೆಯೇ ಎಂದು ಕಾದೆ. ಉರಿಯಬೇಕೆಂದು ಕಾದ ನಾಲಿಗೆ ಉರಿಯದೆ ಇರುತ್ತದೆಯೆ? ತಾರಿಕ ಭಾವ ಸೌದೆಗೆಂದು ಆ ಕಡೆ ಬಂದ. ಅವನಿಗೂ ಮೂಸಲು ಕೊಟ್ಟೆ.

"ಏನ ವಾಸನಿ ಬರ್ತೈತಿ ಭಾವಾ?"

ಅವನು ದೀರ್ಘವಾಗಿ ಎಳೆದುಕೊಂಡ. "ಬಿರ್ಯಾನಿ."

"ಇದರಾಗ!"

"ಬೆಳಗಿನಿಂದ ಹಂಡೆ ಮುಂದ ನಿಂತೇನಿ ಮಾರಾಯ್ತಿ. ಈಗ ಗುಲಾಬಿ ಹೂವ ಕೊಟ್ರೂ ಬಿರ್ಯಾನೀನ."

ಒಳಗೆ ಹೋದೆ. ಅಕ್ಕ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ದಾದಿಯ ತೊಡೆಯ ಮೇಲೆ ಕೂಸು. ತಲೆಯ ಕೂದಲು ಆಗಷ್ಟೇ ತೆಗೆದಿದ್ದರು. ಬೋಳು ತಲೆಗೆ ಹಚ್ಚಿದ ಕೇಸರಿ ಹೊಳೆಯುತ್ತಿತ್ತು. ಬಾಯಿ ಎಷ್ಟು ಚಿಕ್ಕದೆಂದರೆ, ಅದರೊಳಗೆ ಒಂದು ಹನಿಯೂ ಕೆರೆಯಂತೆ ನಿಲ್ಲುತ್ತಿತ್ತು. ದಾದಿ ಖರ್ಜೂರದ ಬೀಜ ತೆಗೆಯುತ್ತ, "ಕ್ಯಾನ್ ತಾ, ಚಮಚದಾಗ ಹಾಕು" ಎಂದಳು.

ನಾನು ಕ್ಯಾನನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

"ದಾದಿ, ಈ ಕ್ಯಾನು ಬ್ಯಾಡ."

"ಯಾಕ?"

"ಇದು ಪೆಟ್ರೋಲಿಂದು ಇರಬಹುದು. ಇರ್ಲಿಕ್ಕೂ ಇಲ್ಲ."

"ಹುಚ್ಚೀ, ಹಸರ ಅರಿವಿ ಕಟ್ಟೇತಿ ಅದಕ್ಕ. ನಾ ಕಣ್ಣಾರೆ ನೋಡಿ ತೊಗೊಂಡೇನಿ. ಹಸರ ಅರಿವಿ ಯಾರರ ಪೆಟ್ರೋಲಿಗೆ ಕಟ್ತಾರ?"

"ಅಬ್ಬಾ ಕಟ್ತಾರ. ಯಾರೂ ಒದಿಬಾರ್ದು ಅಂತ."

ದಾದಿಯ ಬೆರಳು ಖರ್ಜೂರದ ಮೇಲೆ ನಿಂತಿತು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟೂ ಅಲ್ಲ, ನಾಚಿಕೆಯೂ ಅಲ್ಲ. ಮಗ ಇಷ್ಟು ಜಾಣನಾದದ್ದು ಯಾವಾಗ ಎಂಬ ಬೆರಗು ಅದು. ಆಮೇಲೆ ಆ ಮುಖ ಕುಗ್ಗಿತು.

ಅಕ್ಕ ನನ್ನನ್ನೇ ನೋಡುತ್ತಿದ್ದಳು. "ನೀಲೂ, ಖರೇನ ಹೇಳು. ಇದು ಆದದ್ದೋ, ಇಲ್ಲಾ ನಿನ್ನ ಹೊಗಿಯೊಳಗಿನ ಒಂಟಿಯಂಥಾದ್ದೋ?"

"ಅಬ್ಬಾಗ ಫೋನ್ ಮಾಡಿದ್ದೆ ಆಪಾ. ಎರಡು ಕ್ಯಾನ್ ಇದ್ದು, ಒಂದು ಹೊಸಾದು. ಯಾವುದು ಯಾವುದಂತ ಅವರಿಗೂ ಗೊತ್ತಿಲ್ಲ."

"ನಿನಗ ಏನ ಅನಸ್ತೈತಿ?"

"ಗೊತ್ತಿಲ್ಲ" ಎಂದೆ. "ಬಸ್ಸಿನ್ಯಾಗ ಹೌದು ಅನಸ್ತಿತ್ತು. ಕೊಟ್ಟಿಗಿ ಹಿಂದ ಅಲ್ಲ ಅನಸ್ತು. ಈಗ ಕೂಸಿನ ಬಾಯಿ ನೋಡಿದ್ರ ಹೌದು ಅನಸಾಕತ್ತೈತಿ."

ಅಕ್ಕ ನಗಲಿಲ್ಲ. ಕೈ ಚಾಚಿ ಕೂಸನ್ನು ದಾದಿಯ ತೊಡೆಯಿಂದ ತನ್ನ ತೊಡೆಗೆ ತೆಗೆದುಕೊಂಡಳು. ಹೊರಗಿನಿಂದ ರೆಹಾನಬಿ ಕೂಗುತ್ತಿದ್ದಳು: "ಅಮ್ಮಾ, ಆತೇನ್ರಿ? ಎಲ್ಲಾರೂ ಕಾಯಾಕತ್ತಾರ."

ದಾದಿ ಗೋಡೆ ಹಿಡಿದು ಎದ್ದಳು. ನಾನೇ ಹೊರಗೆ ಹೋಗಿ ಹೇಳುತ್ತೇನೆ, ಕೈ ಜಾರಿ ಬಿತ್ತು ಎಂದರಾಯಿತು ಎಂದು ಪಿಸುಗುಟ್ಟಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಪಡಸಾಲೆಗೆ ಹೋಗಿ, ಬಾಟಲಿ ಹಿಡಿದು ಕೂತ ಹೆಂಗಸರ ನಡುವೆ ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು.

"ರೆಹಾನಬೀ, ನೀರ ತಂದೇನಿ. ಕ್ಯಾನ್ ತಪ್ಪೇತಿ. ಇದರಾಗ ಮೊದಲ ಯಾರ ಇದ್ರು ಅಂತ ಕೇಳಲಾರ್ದ ತುಂಬೇನಿ. ನನಗ ಗೊತ್ತಿಲ್ಲದ್ದನ್ನ ಕೂಸಿನ ತುಟಿಗೆ ಮುಟ್ಟಸೂದಿಲ್ಲ. ನಿಮಗೂ ಕೊಡೂದಿಲ್ಲ."

ರೆಹಾನಬಿಯ ಕಿವಿಯ ಓಲೆ ಅಲ್ಲಾಡುತ್ತಿತ್ತು. "ಓಣಿ ತುಂಬ ಹೇಳೇನಲ್ಲ ಅಮ್ಮಾ ನಾನು" ಎಂದಳು ಸಣ್ಣ ದನಿಯಲ್ಲಿ. ಆಮೇಲೆ ಏನೋ ಹೊಳೆದವಳಂತೆ ಒಳಗೆ ಓಡಿದಳು. ಟ್ರಂಕು ತೆರೆದ ಸದ್ದಾಯಿತು. ಬರುವಾಗ ಅವಳ ಮುಷ್ಟಿಯಲ್ಲಿ ಒಂದು ಚಿಕ್ಕ ಬಾಟಲಿ ಇತ್ತು. "ನನ್ನ ಕಡೆ ಒಂದಿಷ್ಟ ಐತಿ. ನನ್ನ ಕೊನೀ ಗಳಿಗಿಗೆ ಅಂತ ಇಟ್ಟಿದ್ದೆ. ಮೊಮ್ಮಗಳಿಗೆ ಒಂದು ಹನಿ ಹಾಕ್ರಿ."

ದಾದಿಯ ಕಣ್ಣು ತುಂಬಿತು. ಎರಡೂ ಕೈಯಲ್ಲಿ ಬಾಟಲಿ ತೆಗೆದುಕೊಂಡಳು. ಬೆಳಕಿಗೆ ಹಿಡಿದಳು. ಕಂದು ಗಾಜು. ತಳದಲ್ಲಿ ಹರಿದ ಲೇಬಲ್ಲಿನ ಚೂರು ಇನ್ನೂ ಅಂಟಿಕೊಂಡಿತ್ತು.

"ಇದರಾಗ ಮೊದಲ ಏನಿತ್ತು ರೆಹಾನಬೀ?"

"ಕೆಮ್ಮಿನ ಔಷಧಿ" ಎಂದಳು ರೆಹಾನಬಿ. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. "ಛಲೋತ್ನ್ಯಾಗ ತೊಳದಿದ್ದೆ."

ಇಬ್ಬರೂ ಆ ಬಾಟಲಿಯನ್ನು ನೋಡುತ್ತ ನಿಂತರು. ಕೂತಿದ್ದ ಹೆಂಗಸರಲ್ಲಿ ಕೆಲವರು ತಮ್ಮ ತಮ್ಮ ಬಾಟಲಿಗಳನ್ನು ಮೆಲ್ಲಗೆ ಸೆರಗಿನ ಕೆಳಗೆ ಸರಿಸಿದರು. ಬಾಗಿಲಲ್ಲಿ ಅಕ್ಕ ಕೂಸನ್ನೆತ್ತಿಕೊಂಡು ಬಂದು ನಿಂತಿದ್ದಳು.

"ಯಾರ ನೀರೂ ಬ್ಯಾಡ. ದಾದಿ, ನಿನ್ನ ಬಾಯಾಗ ಖರ್ಜೂರ ಮೆತ್ತಗ ಮಾಡು. ನಿನ್ನ ಬಾಯಾಗ ಮೊದಲ ಏನಿತ್ತು ಅಂತ ನನಗ ಗೊತ್ತೈತಿ. ಬರೇ ಕಥಿ."

ಯಾರೋ ಕಿಸಕ್ಕೆಂದು ನಕ್ಕರು. ಅದರ ಹಿಂದೆ ರೆಹಾನಬಿಯೂ ನಕ್ಕಳು, ಮೂಗೊರೆಸಿಕೊಂಡು. ದಾದಿ ಅಲ್ಲೇ ಕೂತು, ಕೈಯೊಳಗಿದ್ದ ಖರ್ಜೂರವನ್ನು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ದವಡೆಯಲ್ಲಿ ಬಹಳ ಹೊತ್ತು ಆಡಿಸಿದಳು. ಬೆರಳ ತುದಿಗೆ ರಸ ತೆಗೆದು ಕೂಸಿನ ತುಟಿಗೆ ಮುಟ್ಟಿಸಿದಳು. ಕೂಸು ಮುಖ ಕಿವುಚಿತು, ಆಮೇಲೆ ಬೆರಳನ್ನೇ ಹಿಡಿದು ಚೀಪತೊಡಗಿತು.

ಆದರೆ ಕ್ಯಾನು ಇನ್ನೂ ನನ್ನ ಕೈಯಲ್ಲೇ ಇತ್ತು. ಸಾಸಿನ ಬಾಟಲಿ ತಂದಿದ್ದ ಮಾಲವ್ವ ನನ್ನ ಪಕ್ಕಕ್ಕೆ ಸರಿದು, "ತಂಗೀ, ನನಗ ಒಂದೀಟ ಹಾಕವ್ವಾ. ನಮ್ಮ ಮಂದಿ ಎಂತೆಂಥಾದ್ದ ಕುಡದ ಅರಗಿಸ್ಕೊಂಡಾರ, ಇದು ಏನ ಮಾಡ್ತೈತಿ?" ಎಂದಳು.

"ಬ್ಯಾಡ ಮಾಲವ್ವ. ಗೊತ್ತಿಲ್ಲ ಏನೈತೋ."

"ಗೊತ್ತಿಲ್ಲ ಅಂದ್ರ ಬರೇ ನೀರೂ ಇರಬಹುದಲ್ಲ?"

ನಾನು ಕ್ಯಾನಿನ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದೆ. ಇನ್ನೊಬ್ಬಳು ಡಬ್ಬಿ ಮುಂದೆ ಚಾಚಿದಳು. ದಾದಿ ಕೂತಲ್ಲಿಂದಲೇ ನನ್ನತ್ತ ನೋಡಿ, "ಮ್ಯಾಲ ಒಯ್ಯಿ ನೀಲೂ. ಯಾರ ಕಾಲೂ ತಾಗಬಾರ್ದು, ಯಾರ ಬಾಯೂ ತಾಗಬಾರ್ದು" ಎಂದಳು. ಅಂಥ ನೀರನ್ನು ಮೋರಿಗೆ ಚೆಲ್ಲುವ ಹಾಗಿಲ್ಲ. ಅಂಗಳಕ್ಕೆ ಚೆಲ್ಲೋಣವೆಂದರೆ ಆಡು, ಕೋಳಿ, ಮಕ್ಕಳು. ಹಿತ್ತಿಲ ಪೇರಲೆ ಗಿಡದ ಬುಡಕ್ಕೆ ಹಾಕೋಣವೆಂದರೆ, ಪೆಟ್ರೋಲೇ ಆಗಿದ್ದರೆ ಗಿಡದ ಗತಿ ಏನು?

ಅಡಿಗೆಮನೆಯಲ್ಲಿ ಮಾಂಸ ಕಲಸಿ ತೊಳೆದಿಟ್ಟಿದ್ದ ಅಗಲವಾದ, ದೊಡ್ಡ ತಾಟಿನಂಥ ಪರಾತ ಸಿಕ್ಕಿತು. ಅದನ್ನೂ ಕ್ಯಾನನ್ನೂ ಹೊತ್ತು ತಾರಸಿಯ ಮೆಟ್ಟಿಲು ಹತ್ತಿದೆ. ಬಿಸಿಲಿನಲ್ಲಿ ಪರಾತವಿಟ್ಟು ನೀರು ಬಗ್ಗಿಸಿದೆ. ಬಿಸಿಲಿಗೆ ಆರಿ, ಮೇಲಿನಿಂದ ಬಂದದ್ದು ಮೇಲಕ್ಕೇ ಹೋಗಲಿ ಅನ್ನಿಸಿತು. ನೀರು ತೆಳ್ಳಗೆ ಹರಡಿ ನಿಂತಿತು. ಅದರ ಮೇಲೆ ಬಣ್ಣಗಳು ಕಂಡವು. ನೇರಳೆ, ಹಸಿರು, ಸ್ವಲ್ಪ ಗುಲಾಬಿ, ಒಂದರೊಳಗೊಂದು ತಿರುಗುತ್ತ. ಗ್ಯಾರೇಜಿನ ಮುಂದೆ ಮಳೆನೀರು ನಿಂತಾಗ ಕಾಣುವುದೂ ಇದೇ. ನನ್ನ ಎದೆ ಹಗುರವಾಯಿತು, ಸಿಕ್ಕಿತು, ಇದು ಪೆಟ್ರೋಲೇ ಎಂದುಕೊಂಡೆ. ಆಮೇಲೆ ಪರಾತದ ಅಂಚನ್ನು ಬೆರಳಿನಿಂದ ಮುಟ್ಟಿದೆ. ಜಿಡ್ಡು. ಮಾಂಸದ ಕೊಬ್ಬು ಸರಿಯಾಗಿ ಹೋಗಿರಲಿಲ್ಲ. ಬಣ್ಣ ಅದರದ್ದೂ ಇರಬಹುದು.

ಕೆಳಗೆ ಕೂಸಿನ ಹೆಸರು ಕೂಗಿದರು. ಚಪ್ಪಾಳೆ ಬಿತ್ತು. ತಾಟುಗಳ ಸದ್ದು, ಬಿರಿಯಾನಿಯ ಹಂಡೆಯ ಮುಚ್ಚಳ ತೆಗೆದ ಸದ್ದು. "ನೀಲೂ, ಊಟಕ್ಕ ಬಾ" ಎಂದು ತಾರಿಕ ಭಾವ ಕೂಗಿದ. ಎದ್ದು ಹೋಗೋಣವೆಂದುಕೊಳ್ಳುವಷ್ಟರಲ್ಲಿ ಕಾಗೆಯೊಂದು ಬಂದು ಪರಾತದ ಅಂಚಿನಲ್ಲಿ ಕೂತಿತು. ಬಿಸಿಲಿಗೆ ಅದರ ಕೊಕ್ಕು ತೆರೆದೇ ಇತ್ತು. ಕತ್ತು ಬಗ್ಗಿಸಿ ನೀರನ್ನು ನೋಡಿತು, ನನ್ನನ್ನು ನೋಡಿತು, ಮತ್ತೆ ನೀರನ್ನು ನೋಡಿತು.

ಅದು ಕುಡಿದರೆ ತಿಳಿಯುತ್ತಿತ್ತು. ಕುಡಿದು ಹಾರಿದರೆ ಒಂದು, ಹಾರದಿದ್ದರೆ ಒಂದು. ಅಬ್ಬಾಗೂ ದಾದಿಗೂ ನನಗೂ ತಿಳಿಯದ್ದನ್ನು ಆ ಕಾಗೆ ಒಂದು ಗುಟುಕಿನಲ್ಲಿ ಹೇಳಿಬಿಡುತ್ತಿತ್ತು. ಕೊಕ್ಕು ನೀರಿಗೆ ತಾಗಲು ಕೂದಲೆಳೆಯಷ್ಟು ಉಳಿದಿರುವಾಗ ನನ್ನ ಕೈ ತಾನಾಗಿ ಎದ್ದಿತು. ದುಪಟ್ಟಾ ಬೀಸಿ, "ಹೋಗ್, ಹೋಗಾಚೆ" ಎಂದು ಕೂಗಿದೆ.

ಕಾಗೆ ಹಾರಿ ನೀರಿನ ಟಾಂಕಿಯ ಮೇಲೆ ಕೂತು ಬೈಯತೊಡಗಿತು. ಅದಕ್ಕೆ ಇನ್ನೊಂದು ಜೊತೆಯಾಯಿತು. ಭಾವ ಮತ್ತೊಮ್ಮೆ ಕರೆದ. "ಆರಲಿ, ಬರ್ತೇನಿ" ಎಂದೆ. ಏನು ಆರಬೇಕೆಂದು ಅವನು ಕೇಳಲಿಲ್ಲ. ಪರಾತದ ಪಕ್ಕದಲ್ಲಿ ಬಿಸಿ ತಾರಸಿಯ ಮೇಲೆ ಕಾಲು ಮಡಚಿ ಕೂತೆ. ನೀರು ಅಂಚಿನಿಂದ ಒಳಕ್ಕೆ ಮೆಲ್ಲಗೆ ಸರಿಯುತ್ತಿತ್ತು. ಟಾಂಕಿಯ ಮೇಲಿನ ಕಾಗೆಗಳು ನನ್ನ ಮೇಲೆ ಕಣ್ಣಿಟ್ಟು ಕಾಯುತ್ತಿದ್ದವು. ನಾನು ಅವುಗಳ ಮೇಲೆ ಕಣ್ಣಿಟ್ಟು ಕಾಯುತ್ತಿದ್ದೆ.